ನಿಂತ ಮ್ಯಾಲೆ ಜಾರತೈತಿ

ಇದು ನಡೆದದ್ದು ಕೊರೊನಾ ನಿರ್ಬಂಧಗಳೆಲ್ಲ ತೆರವಾಗಿ, ಲೋಕಲ್ ರೈಲುಗಳು ಮತ್ತೆ ಮೊದಲಿನ ಹಾಗೆ ತುಂಬಿ ಓಡತೊಡಗಿದ ಮೇಲೆ. ಲಿಫ್ಟ್ ಕಂಪನಿಯೊಂದರ ಸುರಕ್ಷತಾ ವಿಭಾಗದಿಂದ ನಿವೃತ್ತಳಾಗಿದ್ದ ನಾನು ಮುಂಬಯಿ ಹೊರವಲಯದ ಡೊಂಬಿವಲಿಯ ಮನೆಯಿಂದಲೇ ಸಲಹೆಗಾರಳಾಗಿ ಕೆಲಸ ಮಾಡುತ್ತಿದ್ದೆ. ಹೌಸಿಂಗ್ ಸೊಸೈಟಿಯವರು ಕರೆದರೆ ಹೋಗಿ, ಲಿಫ್ಟ್ ಪರೀಕ್ಷಿಸಿ, ವರದಿ ಬರೆದುಕೊಡುತ್ತಿದ್ದೆ. ಇದರ ಜೊತೆಗೆ ಸಂಬಳವಿಲ್ಲದ, ಆದರೆ ಅದಕ್ಕಿಂತ ಹೆಚ್ಚು ತಲೆ ತಿನ್ನುವ ಇನ್ನೊಂದು ಹುದ್ದೆಯೂ ನನಗಿತ್ತು. ಈ ಭಾಗದಲ್ಲಿ ಲಿಫ್ಟ್ ಮತ್ತು ಕಟ್ಟಡ ನಿರ್ವಹಣೆಯ ಕೆಲಸದಲ್ಲಿರುವ ಕನ್ನಡಿಗರ ಆನ್‌ಲೈನ್ ಗುಂಪಿಗೆ ನಾನು ಅಡ್ಮಿನ್ ಆಗಿದ್ದೆ.

ಗುಂಪನ್ನು ಕಟ್ಟಿದವರು ಕಲ್ಯಾಣದ ವಾಸುದೇವ ರಾಯರು. ಲಾಕ್‌ಡೌನಿನಲ್ಲಿ ಮೆಕ್ಯಾನಿಕ್‌ಗಳು ಕಟ್ಟಡದಿಂದ ಕಟ್ಟಡಕ್ಕೆ ಹೋಗುವುದೇ ಕಷ್ಟವಾದಾಗ, ಅಲ್ಲಿದ್ದವರು ಫೋಟೊ ಹಾಕಿದರೆ ತಿಳಿದವರು ದೂರದಿಂದಲೇ ದಾರಿ ಹೇಳಲಿ ಎಂದು ಶುರು ಮಾಡಿದ್ದರು. ರಾಯರು ಉಡುಪಿ ಕಡೆಯವರು. ಠಾಣೆಯಿಂದ ಕಲ್ಯಾಣದವರೆಗಿನ ಸರ್ವಿಸ್ ಎಂಜಿನಿಯರ್‌ಗಳಲ್ಲಿ ಬಹಳ ಮಂದಿ ಅವರ ಕೈಕೆಳಗೆ ಸ್ಪ್ಯಾನರ್ ಹಿಡಿಯಲು ಕಲಿತವರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗುಂಪಿಗೆ ನಿಯಮ ಮಾಡಿದವರೂ ಅವರೇ. ಹೊಸಬರು ಮೊದಲು ತಮ್ಮ ಪರಿಚಯ ಹೇಳಿಕೊಳ್ಳಬೇಕು, ನಮಸ್ಕಾರ ಹೇಳಿ ಮಾತು ಆರಂಭಿಸಬೇಕು, ಸಾಧ್ಯವಾದಷ್ಟೂ ಕನ್ನಡದಲ್ಲಿ ಬರೆಯಬೇಕು. ಇಲ್ಲಿ ಇಡೀ ದಿನ ಮರಾಠಿ, ಹಿಂದಿ ಮಾತಾಡುವವರಿಗೆ ಒಂದು ಜಾಗವಾದರೂ ತಮ್ಮ ಭಾಷೆಯದಿರಲಿ ಎಂಬುದು ಅವರ ಆಸೆ.

ಇನ್ನೊಬ್ಬ ಅಡ್ಮಿನ್ ಪ್ರಶಾಂತ್, ಬೆಂಗಳೂರಿನವನು. ನವಿ ಮುಂಬಯಿಯಲ್ಲಿ ಕಟ್ಟಡ ನಿರ್ವಹಣೆಯ ಸಲಹಾ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಅವನು ಬರೆಯುವ ಪ್ರತಿ ಸಂದೇಶದಲ್ಲೂ ‘ದಯವಿಟ್ಟು’ ಇರುತ್ತಿತ್ತು. ಗುಂಪಿನಲ್ಲಿ ಅವನಷ್ಟು ಸಭ್ಯವಾಗಿ ಬರೆಯುವವರು ಇನ್ನೊಬ್ಬರಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ನಾನು ಠಾಣೆಗೆ ಹೋಗುವ ಸ್ಲೋ ಲೋಕಲ್‌ನಲ್ಲಿದ್ದೆ. ಕಿಟಕಿ ಪಕ್ಕ ಜಾಗ ಸಿಕ್ಕಿತ್ತು. ಫೋನ್ ಒಂದೇ ಸಮನೆ ಸದ್ದು ಮಾಡುತ್ತಿದ್ದುದರಿಂದ ತೆಗೆದು ನೋಡಿದರೆ, ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. ಮೊದಲಿನಿಂದ ಓದೋಣವೆಂದು ಮೇಲಕ್ಕೆ ಹೋದೆ.

ಸಚಿನ್ ಬಿರಾದಾರ ಎಂಬ ಹೊಸ ಸದಸ್ಯ. ಠಾಣೆಯ ಘೋಡಬಂದರ್ ರಸ್ತೆಯ ಸೊಸೈಟಿಯೊಂದರಲ್ಲಿ ಎಸ್ಟೇಟ್ ಮ್ಯಾನೇಜರ್ ಎಂದು ತಿಳಿದು, ಹಿಂದಿನ ದಿನ ನಾನೇ ಅವನನ್ನು ಸೇರಿಸಿಕೊಂಡಿದ್ದೆ. ಅವನು ನಮಸ್ಕಾರವಿಲ್ಲದೆ, ಪರಿಚಯವಿಲ್ಲದೆ ಬರೆದಿದ್ದ: “ಲಿಫ್ಟ್ ಫ್ಲೋರಿಗೆ ಬರಾಬರ್ ನಿಲ್ಲತೈತಿ. ನಿಂತ ಮ್ಯಾಲೆ ಮಂದಿ ಹತ್ತಿದರ ಕೆಳಗ ಜಾರತೈತಿ. ಯಾಕ? ಲಗೂ ಹೇಳು. ಭಾಷಣ ಬ್ಯಾಡ.”

ರಾಯರು ಉತ್ತರಿಸಿದ್ದರು. ಹೊಸಬರು ಮೊದಲು ಹೆಸರು, ಊರು, ಕೆಲಸ ತಿಳಿಸುವುದು ಇಲ್ಲಿಯ ಕ್ರಮವೆಂದು ನೆನಪಿಸಿ, ಲಿಫ್ಟ್ ಮಹಡಿಗೆ ಸರಿಯಾಗಿ ನಿಲ್ಲದಿದ್ದರೆ ಲೆವೆಲಿಂಗ್ ಸೆನ್ಸರ್ ಹೊಂದಿಸಬೇಕು, ಸರ್ವಿಸ್‌ನವರಿಗೆ ತಿಳಿಸಿ ಎಂದಿದ್ದರು.

ಅದಕ್ಕೆ ಸಚಿನ್: “ಅದಲ್ಲ. ನೀ ಓದಿಲ್ಲ. ಗೊತ್ತಿಲ್ಲಂದ್ರ ಸುಮ್ಮ ಕೂಡು.”

ಕೆಳಗೆ ನಡೆದದ್ದನ್ನು ಪೂರ್ತಿ ಬರೆದು ಪ್ರಯೋಜನವಿಲ್ಲ. ರಾಯರನ್ನು ಏಕವಚನದಲ್ಲಿ ಕರೆದವನ ಕೈ ಮುರಿಯಬೇಕೆಂದು ಅವರ ಶಿಷ್ಯನೊಬ್ಬ ಬರೆದಿದ್ದ. ಇನ್ನೊಬ್ಬ ಅವನ ಕನ್ನಡವನ್ನು ಎತ್ತಿಕೊಂಡು ಅಣಕಿಸಿದ್ದ. ಮಂಗಳೂರು ಕಡೆಯವರೊಬ್ಬರು, ಘಟ್ಟದ ಮೇಲಿನವರಿಗೆ ಮರ್ಯಾದೆ ಎಂಬುದನ್ನು ಯಾರೂ ಕಲಿಸುವುದಿಲ್ಲವೇ ಎಂದು ಕೇಳಿದ್ದರು. ತಕ್ಷಣ ಹುಬ್ಬಳ್ಳಿ, ಬಾಗಲಕೋಟೆಯವರು ನಾಲ್ಕಾರು ಮಂದಿ ಅವರ ಮೇಲೆ ಹರಿಹಾಯ್ದಿದ್ದರು. ಪ್ರಶಾಂತ್ ಮಾತ್ರ ತಣ್ಣಗೆ, ಇಂಥವರನ್ನು ಒಳಗೆ ಬಿಟ್ಟವರು ಯಾರೆಂದು ದಯವಿಟ್ಟು ತಿಳಿಯಬಹುದೇ ಎಂದು ಬರೆದಿದ್ದ. ಬಿಟ್ಟವಳು ನಾನೆಂದು ಅವನಿಗೆ ಗೊತ್ತಿತ್ತು.

ನಾನು ಸಚಿನ್‌ನ ಮೊದಲ ಸಂದೇಶವನ್ನು ಇನ್ನೊಮ್ಮೆ ಓದಿದೆ. ಮೂವತ್ತು ವರ್ಷ ಲಿಫ್ಟ್‌ಗಳ ನಡುವೆ ಬದುಕಿದವಳಿಗೆ ಆ ‘ನಿಂತ ಮ್ಯಾಲೆ’ ಎಂಬ ಎರಡು ಶಬ್ದ ದಾಟಿ ಮುಂದೆ ಹೋಗಲಾಗಲಿಲ್ಲ.

ಯಾಕೆಂದು ಸರಳವಾಗಿ ಹೇಳುತ್ತೇನೆ. ಲಿಫ್ಟ್ ಮಹಡಿಗಿಂತ ಸ್ವಲ್ಪ ಮೇಲೆಯೋ ಕೆಳಗೆಯೋ ಬಂದು ನಿಂತರೆ ಅದು ಲೆವೆಲಿಂಗ್ ದೋಷ. ಎಡವಿ ಬೀಳಬಹುದು, ಸರಿಪಡಿಸಬೇಕು, ಆದರೆ ಅದೊಂದು ಸಾಮಾನ್ಯ ದೂರು. ಸರಿಯಾಗಿ ಬಂದು ನಿಂತ ಲಿಫ್ಟ್ ಜನ ಹತ್ತುತ್ತಿದ್ದಂತೆ ಕೆಳಗೆ ಜಾರುವುದು ಬೇರೆಯೇ ವಿಷಯ. ಮೋಟರ್ ನಿಂತ ಮೇಲೆ ಲಿಫ್ಟನ್ನು ಹಿಡಿದುಕೊಂಡಿರುವುದು ಬ್ರೇಕ್. ಅದು ಜಾರುತ್ತಿದೆ ಎಂದರೆ ಬ್ರೇಕ್ ಭಾರ ತಡೆಯುತ್ತಿಲ್ಲ ಎಂದರ್ಥ. ಬಾಗಿಲು ತೆರೆದೇ ಇರುತ್ತದೆ, ಜನರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇರುತ್ತದೆ. ಲಿಫ್ಟ್ ವೇಗವಾಗಿ ಬಿದ್ದರೆ ಹಿಡಿಯಲು ಬೇರೆ ಸಾಧನವಿದೆ. ಆದರೆ ಹೀಗೆ ನಿಧಾನವಾಗಿ ಜಾರುವಾಗ ಅದು ಕೆಲಸಕ್ಕೆ ಬರುವುದಿಲ್ಲ. ನಮ್ಮ ವೃತ್ತಿಯಲ್ಲಿ ನಾವು ಅತ್ಯಂತ ಹೆದರುವ ಅಪಘಾತಗಳಲ್ಲಿ ಇದೊಂದು.

ಗುಂಪಿನಲ್ಲಿ ಇದನ್ನು ಬಲ್ಲವರು ಬೇಕಾದಷ್ಟಿದ್ದರು. ರಾಯರು ನನಗಿಂತ ಚೆನ್ನಾಗಿ ಬಲ್ಲರು. ಎಲ್ಲರೂ ಆ ಸಂದೇಶ ಓದಿದ್ದರು. ಓದಿ, ‘ಲಗೂ ಹೇಳು’ ಎಂಬಲ್ಲಿಗೆ ನಿಂತುಬಿಟ್ಟಿದ್ದರು.

ನಾನು ಗುಂಪಿನಲ್ಲಿ ಏನೂ ಬರೆಯದೆ ಸಚಿನ್‌ಗೆ ಫೋನ್ ಮಾಡಿದೆ. ಎರಡನೇ ಸಲಕ್ಕೆ ಎತ್ತಿದ. ಗುಂಪಿನ ಅಡ್ಮಿನ್ ಎಂದು ಕನ್ನಡದಲ್ಲಿ ಹೇಳಿಕೊಂಡೆ.

“ನೀನೂ ಬೈಯಾಕ ಫೋನ್ ಮಾಡೀಯೇನು?” ಎಂದ.

ಲಿಫ್ಟ್ ಬಗ್ಗೆ ಕೇಳಲು ಮಾಡಿದ್ದೇನೆ ಎಂದೆ. ಅವನು ಮರಾಠಿಗೆ ಹೊರಳಿದ. ಆಗ ನನಗೆ ಬೇರೆ ಯಾರೋ ಫೋನ್ ತೆಗೆದುಕೊಂಡರೇನೋ ಅನಿಸಿತು. ಅವನ ಮರಾಠಿಯಲ್ಲಿ ಪ್ರತಿ ವಾಕ್ಯಕ್ಕೂ ‘ಮ್ಯಾಡಮ್’ ಇತ್ತು, ‘ತುಮ್ಹಿ’ ಎಂಬ ಬಹುವಚನವಿತ್ತು. ಕಚೇರಿಯಲ್ಲಿ ಹಿರಿಯರೊಡನೆ ಮಾತಾಡಿ ಪಳಗಿದ ನಾಲಿಗೆ ಅದು. ಏಕವಚನದ ಮೂಲ ಎಲ್ಲಿರಬಹುದೆಂದು ಅನುಮಾನ ಬಂದರೂ, ಆ ಹೊತ್ತಿಗೆ ಅದನ್ನು ಬದಿಗಿಟ್ಟೆ.

ಅವನು ಹೇಳಿದ್ದು ಇಷ್ಟು. ಎರಡು ದಿನದಿಂದ ಲಿಫ್ಟ್ ಜಾರುತ್ತಿತ್ತು. ಸರ್ವಿಸ್ ಕಂಪನಿಯವರು ಫೋನಿನಲ್ಲೇ, ಜನ ಜಾಸ್ತಿ ಹತ್ತಿರಬೇಕು, ಅದೇನೂ ದೊಡ್ಡದಲ್ಲ ಎಂದು ಸಾಗಹಾಕಿದ್ದರು. ಅಂದು ಬೆಳಿಗ್ಗೆ ಕೋಲು ಹಿಡಿದು ನಡೆಯುವ ಅಜ್ಜಿಯೊಬ್ಬರು ಎಲ್ಲರ ಹಿಂದೆ ಒಳಗೆ ಕಾಲಿಡುವಾಗ ಲಿಫ್ಟ್ ಕೆಳಗೆ ಜಾರಿ, ಬಿದ್ದು ಮೊಣಕೈ ಜಜ್ಜಿಕೊಂಡಿದ್ದರು. ಆ ವಿಂಗ್‌ನ ಇನ್ನೊಂದು ಲಿಫ್ಟ್ ಮೊದಲೇ ರಿಪೇರಿಗೆ ನಿಂತಿತ್ತು. ಮಧ್ಯಾಹ್ನ ಆರನೇ ಮಹಡಿಯವರ ಮಗಳ ಅರಿಶಿನದ ಶಾಸ್ತ್ರ ಟೆರೇಸಿನಲ್ಲಿ. ನೆಂಟರೆಲ್ಲ ಈ ಒಂದೇ ಲಿಫ್ಟಿನಲ್ಲಿ ಮೇಲೆ ಹೋಗಬೇಕು. ಸೊಸೈಟಿಯ ಸೆಕ್ರೆಟರಿ, ಲಿಫ್ಟ್ ನಿಲ್ಲಿಸಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಿದ್ದರು. ತಿಳಿದವರು ಯಾರಾದರೂ ಒಂದು ಸಾಲು ಬರೆದುಕೊಟ್ಟರೆ ಅದನ್ನು ತೋರಿಸಿ ನಿಲ್ಲಿಸಬಹುದೆಂದು ಅವನು ಗುಂಪಿಗೆ ಬಂದಿದ್ದ.

“ಈಗಲೇ ಮೇನ್ ಸ್ವಿಚ್ ಆಫ್ ಮಾಡಿ. ನನ್ನ ಹೆಸರು ಹೇಳಿ. ನಾನು ಠಾಣೆಗೆ ಬರುತ್ತಿದ್ದೇನೆ, ಅಲ್ಲಿಂದ ನೇರ ನಿಮ್ಮಲ್ಲಿಗೆ,” ಎಂದೆ.

ಅವನು ಒಂದು ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟ.

ಅವನ ಮೊದಲ ಸಂದೇಶದ ಕೆಳಗೇ ನಾನು ಬರೆದೆ: ಇದು ಲೆವೆಲಿಂಗ್ ಅಲ್ಲ, ಬ್ರೇಕ್ ಜಾರುತ್ತಿರುವ ಲಕ್ಷಣ, ಲಿಫ್ಟ್ ತಕ್ಷಣ ನಿಲ್ಲಿಸಬೇಕು, ಇದು ನನ್ನ ವೃತ್ತಿಪರ ಅಭಿಪ್ರಾಯ. ಕೊನೆಗೆ ಪೂರ್ತಿ ಹೆಸರು ಹಾಕಿದೆ. ಅಲ್ಲಿಗೆ ಜಗಳ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆದರೆ ಸಚಿನ್ ಅದರ ಕೆಳಗೆ ಮತ್ತೆ ಬರೆದ: “ನಿಮ್ಮಾಗ ಒಬ್ಬಾಕಿಗೆ ತಿಳೀತು. ಉಳಿದವರು ಬರೇ ಬಾಯಿ.”

ಆಮೇಲೆ ನನಗೂ ಬಿತ್ತು. ಅವನು ನಿಮ್ಮ ಕಡೆಯವನೆಂದು ಹೀಗೆ ವಕಾಲತ್ತು ಮಾಡುತ್ತೀರಿ ಎಂದು ಒಬ್ಬರು ಬರೆದರು. ನಾನು ಗದಗದವಳು ಎಂಬುದು ಎಲ್ಲರಿಗೂ ಗೊತ್ತಿತ್ತು. ರಾಯರ ಮಾತು ತಪ್ಪೆಂದು ಎಲ್ಲರೆದುರು ಹೇಳುವ ಧೈರ್ಯ ನಿಮಗೆಲ್ಲಿಂದ ಬಂತೆಂದು ಅವರ ಶಿಷ್ಯ ಕೇಳಿದ. ಠಾಣೆ ಸ್ಟೇಷನ್ ಹೊರಗೆ ಆಟೊಗೆ ಕೈ ಮಾಡುತ್ತಿದ್ದಾಗ ರಾಯರದೇ ಫೋನ್ ಬಂತು.

“ವಸುಧಾ ಮೇಡಂ, ಅವ ಇರ್ಬೇಕು ಇಲ್ಲ ನಾನಿರ್ಬೇಕು. ಈಗ್ಲೇ ತೆಗೆದುಹಾಕಿ ಅವನನ್ನ.”

“ರಾಯರೇ, ಅವನನ್ನು ಬಿಡಿ. ಅವನು ಬರೆದ ಮೊದಲ ಎರಡು ವಾಕ್ಯ ಒಮ್ಮೆ ನನಗೆ ಓದಿ ಹೇಳಿ. ಆಮೇಲೆ ನೀವು ಹೇಳಿದಂತೆ ಮಾಡುತ್ತೇನೆ.”

ಓದುವುದಿಲ್ಲ ಎಂದರು. ನಾನು ಫೋನ್ ಇಡಲಿಲ್ಲ. ಫೋನನ್ನು ಕಿವಿಯಿಂದ ಸರಿಸಿದ್ದು, ಕನ್ನಡಕ ಹುಡುಕಿದ್ದು ಕೇಳಿಸಿತು. ಒರಟಾಗಿಯೇ ಓದತೊಡಗಿದರು. ‘ನಿಂತ ಮ್ಯಾಲೆ’ ಎಂಬಲ್ಲಿ ದನಿ ನಿಂತಿತು.

“ಸರಿಯಾಗಿ ನಿಂತು, ಆಮೇಲೆ ಜಾರುದಾ?” ಎಂದರು.

“ಹೌದು. ಬಾಗಿಲು ತೆರೆದಿರುವಾಗ.”

“ನಾನದನ್ನು ನೋಡ್ಲೇ ಇಲ್ಲ.” ಅವರ ದನಿ ಬದಲಾಯಿತು. ಸರ್ವಿಸ್ ವಿಭಾಗ ನಡೆಸುತ್ತಿದ್ದ ಹಳೆಯ ರಾಯರ ದನಿ ಅದು. “ಗೇರ್ ಇರುವ ಮೆಷಿನಾದರೆ ಆಯಿಲ್ ಸೀಲ್ ನೋಡಿ. ಎಣ್ಣೆ ಬ್ರೇಕಿನ ಡ್ರಮ್ಮಿಗೆ ಇಳಿದಿರ್ಬೇಕು. ಯಾರನ್ನೂ ಹತ್ತಿಸ್ಬೇಡಿ. ಆ ಮನುಷ್ಯನ ವಿಷಯ ಬೇರೆ, ಅದನ್ನು ನಾನು ಬಿಡುದಿಲ್ಲ.”

ಆಟೊ ಘೋಡಬಂದರ್ ರಸ್ತೆಗೆ ಹೊರಳುವಷ್ಟರಲ್ಲಿ ಸಚಿನ್ ಫೋನ್ ಮಾಡಿದ. ಅವನನ್ನು ಆ ಸೊಸೈಟಿಗೆ ನೇಮಿಸಿದ್ದ ನಿರ್ವಹಣಾ ಸಂಸ್ಥೆಯ ಮೇಲಧಿಕಾರಿ ಕರೆ ಮಾಡಿ, ನೀನು ಹೊರಗಿನ ಗುಂಪುಗಳಲ್ಲಿ ಹಿರಿಯರನ್ನು ಬೈದು ಸಂಸ್ಥೆಯ ಹೆಸರು ಕೆಡಿಸಿದ್ದೀಯ ಎಂದನಂತೆ. ಗುಂಪಿನ ಸ್ಕ್ರೀನ್‌ಶಾಟ್ ಯಾರೋ ಕಳಿಸಿದ್ದರು. ಸೋಮವಾರ ಆಫೀಸಿಗೆ ಬಂದು ಕಾಣು ಎಂದು ಹೇಳಿದ್ದನಂತೆ. ‘ನಿಮ್ಮ ಗುಂಪಿನಿಂದ ನನಗೆ ಸಿಕ್ಕಿದ್ದು ಇದು’ ಎಂದ ಸಚಿನ್, ಮರಾಠಿಯಲ್ಲೇ. ಲಿಫ್ಟ್ ನಿಲ್ಲಿಸಿದಿರಾ ಎಂದಷ್ಟೇ ನಾನು ಕೇಳಿದೆ. ನಿಲ್ಲಿಸಿದ್ದೇನೆ, ಮೆಷಿನ್ ರೂಮಿಗೆ ಬೀಗ ಹಾಕಿದ್ದೇನೆ, ಕೀ ನನ್ನ ಜೇಬಿನಲ್ಲಿದೆ ಎಂದ.

ಅದು ಏಳು ಮಹಡಿಯ, ಆ ರಸ್ತೆಯ ಮಟ್ಟಿಗೆ ಹಳೆಯದೆನ್ನಬಹುದಾದ ಕಟ್ಟಡ. ಲಾಬಿಯಲ್ಲಿ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದವರು ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು. ನಡುವೆ ಸಚಿನ್. ಮೂವತ್ತೈದರ ಆಸುಪಾಸು, ಗಿಡ್ಡ, ಇಸ್ತ್ರಿ ಮಾಡಿದ ಅಂಗಿ, ಕೈಕಟ್ಟಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಎದುರಿಗೆ ಸೆಕ್ರೆಟರಿ ಕೂಗಾಡುತ್ತಿದ್ದರು. ಪಕ್ಕದಲ್ಲಿ ಮದುಮಗಳ ತಂದೆ, ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಲ್ಲಿದ್ದವರು.

ನನ್ನ ಪರಿಚಯ ಹೇಳಿದ್ದಕ್ಕೆ ಸೆಕ್ರೆಟರಿ, ನಿಮ್ಮನ್ನು ಇಲ್ಲಿಗೆ ಕರೆದವರು ಯಾರೆಂದು ಕೇಳಿದರು. ಕಮಿಟಿ ಕರೆದಿಲ್ಲ, ಹಾಗಾಗಿ ಇಲ್ಲಿ ಮಾತಾಡುವ ಹಕ್ಕು ನಿಮಗಿಲ್ಲ ಎಂದರು. ಕಾನೂನಿನ ಪ್ರಕಾರ ಅದು ನಿಜವೇ. ನಾನು ಬರೀ ನಿವೃತ್ತ ಎಂಜಿನಿಯರ್, ಲಿಫ್ಟ್ ನಿಲ್ಲಿಸಲು ಹೇಳುವ ಅಧಿಕಾರ ನನಗಿರಲಿಲ್ಲ. ಅವರ ಜೊತೆ ವಾದಿಸದೆ ಮದುಮಗಳ ತಂದೆಯ ಕಡೆ ತಿರುಗಿದೆ.

“ನಿಮ್ಮ ಮನೆಯ ಹೆಂಗಸರು ತಟ್ಟೆ ಹಿಡಿದು, ಮಕ್ಕಳ ಕೈ ಹಿಡಿದು ಲಿಫ್ಟ್ ಹತ್ತುತ್ತಾರೆ. ಇವತ್ತು ಅದರ ಬ್ರೇಕ್ ಹಿಡಿಯುತ್ತಿಲ್ಲ. ಬಾಗಿಲಲ್ಲಿ ಕಾಲಿಟ್ಟಾಗ ಅದು ಕೆಳಗಿಳಿದರೆ, ಮಧ್ಯೆ ಸಿಕ್ಕಿದವರನ್ನು ಹೊರಗೆಳೆಯಲು ನನ್ನಿಂದಾಗುವುದಿಲ್ಲ, ಇವರಿಂದಲೂ ಆಗುವುದಿಲ್ಲ,” ಎಂದು ಮರಾಠಿಯಲ್ಲಿ ಹೇಳಿದೆ.

ಅವರು ಲಿಫ್ಟ್ ಬಾಗಿಲನ್ನೇ ನೋಡುತ್ತ ನಿಂತರು. ಆಮೇಲೆ ಹೂ ಕಟ್ಟುವವರಿಗೆ, ಪೆಂಡಾಲನ್ನು ಕೆಳಗೆ ಪಾರ್ಕಿಂಗ್‌ನಲ್ಲೇ ಹಾಕಲು ಹೇಳಿದರು. ಸೆಕ್ರೆಟರಿ ನನ್ನ ಮೇಲೆ ದೂರು ಕೊಡುವುದಾಗಿ ಹೇಳಿ ತಮ್ಮ ಮನೆಗೆ ಹೋದರು. ಮೆಟ್ಟಿಲು ಹತ್ತಿಕೊಂಡೇ ಹೋಗಬೇಕಾಯಿತು.

ನಾವೂ ಹತ್ತಿದೆವು. ಸಚಿನ್ ಮೆಷಿನ್ ರೂಮಿನ ಬೀಗ ತೆಗೆದ. ಸರ್ವಿಸ್ ಕಂಪನಿಯ ಮೆಷಿನನ್ನು ನಾನು ಮುಟ್ಟುವಂತಿರಲಿಲ್ಲ. ಬಾಗಿಲ ಹತ್ತಿರ ನಿಂತು ಟಾರ್ಚ್ ಬಿಟ್ಟೆ. ಮುಟ್ಟುವ ಅಗತ್ಯವೂ ಬೀಳಲಿಲ್ಲ. ಗೇರ್‌ಬಾಕ್ಸಿನ ಸೀಲ್‌ನಿಂದ ಎಣ್ಣೆ ಸೋರಿ ಬ್ರೇಕ್ ಡ್ರಮ್ ಮೇಲೆ ಹೊಳೆಯುತ್ತಿತ್ತು, ಕೆಳಗೆ ನೆಲದ ಮೇಲೂ ಕಪ್ಪಗೆ ಹರಡಿತ್ತು. ಫೋಟೊ ತೆಗೆದು ರಾಯರಿಗೆ ಮಾತ್ರ ಕಳಿಸಿದೆ. ಅವರು ಉತ್ತರ ಬರೆಯಲಿಲ್ಲ. ಆದರೆ ಆ ಸರ್ವಿಸ್ ಕಂಪನಿಯ ಪ್ರಾದೇಶಿಕ ಮುಖ್ಯಸ್ಥ ಅವರ ಹಳೆಯ ಶಿಷ್ಯ. ಎರಡು ದಿನದಿಂದ ಬಾರದ ತಂಡ ಊಟದ ಹೊತ್ತಿಗೆ ಬಂದು ಇಳಿಯಿತು. ಬ್ರೇಕ್ ಬಿಚ್ಚಿದ ಸೂಪರ್‌ವೈಸರ್ ಡ್ರಮ್ಮನ್ನು ಒತ್ತಿ ಹಿಡಿಯುವ, ಎಣ್ಣೆಯಲ್ಲಿ ನೆಂದ ಲೈನಿಂಗ್ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮೇಲಿನ ಮಹಡಿಯಲ್ಲಿ ಪೂರ್ತಿ ಜನ ತುಂಬಿದ್ದರೆ ಲಿಫ್ಟ್ ನಿಲ್ಲುತ್ತಿರಲಿಲ್ಲ ಎಂದ. ಕೆಳಗೆ ಪಾರ್ಕಿಂಗ್‌ನಲ್ಲಿ ಆಗ ಹಾಡು ಶುರುವಾಗಿತ್ತು.

ಇಷ್ಟಾದ ಮೇಲೆ ಎಲ್ಲರೂ ಒಂದಾದರು ಎಂದು ಬರೆಯಲು ನನಗೂ ಇಷ್ಟವೇ. ಹಾಗೇನೂ ಆಗಲಿಲ್ಲ.

ಸ್ಕ್ರೀನ್‌ಶಾಟ್ ಕಳಿಸಿದವರು ಯಾರೆಂದು ನಾನು ಗುಂಪಿನಲ್ಲಿ ನೇರವಾಗಿ ಕೇಳಿದೆ. ಪ್ರಶಾಂತ್ ಮುಚ್ಚಿಡಲಿಲ್ಲ. ಸಚಿನ್‌ನ ಸಂಸ್ಥೆ ತನಗೆ ಪರಿಚಯವಿದ್ದದ್ದೆಂದೂ, ವೃತ್ತಿಯ ಘನತೆ ಕಾಪಾಡುವುದು ತನ್ನ ಕರ್ತವ್ಯವಾಗಿತ್ತೆಂದೂ, ಯಾರಿಗಾದರೂ ನೋವಾಗಿದ್ದರೆ ದಯವಿಟ್ಟು ಕ್ಷಮಿಸಬೇಕೆಂದೂ ಬರೆದ. ಅಷ್ಟು ಅಚ್ಚುಕಟ್ಟಾದ ಸಂದೇಶದಲ್ಲಿ ಲಿಫ್ಟ್ ಎಂಬ ಶಬ್ದವೇ ಇರಲಿಲ್ಲ. ನಾನು ಅವನಿಗೆ ಫೋನ್ ಮಾಡಿ, ಒಬ್ಬನ ಕೆಲಸಕ್ಕೆ ಕುತ್ತು ತರುವ ಮೊದಲು ಅವನು ಕೇಳಿದ್ದೇನೆಂದು ಓದಿದ್ದೆಯಾ ಎಂದು ಕೇಳಿದೆ.

“ಮೇಡಂ, ದಯವಿಟ್ಟು ತಪ್ಪು ತಿಳ್ಕೋಬೇಡಿ. ಆ ಭಾಷೆ ನೋಡಿದ್ಮೇಲೆ ಮುಂದಕ್ಕೆ ಓದ್ಬೇಕು ಅಂತ ಅನ್ನಿಸ್ಲಿಲ್ಲ,” ಎಂದ.

ಅವನನ್ನು ಅಡ್ಮಿನ್ ಸ್ಥಾನದಿಂದ ಅಂದೇ ತೆಗೆದೆ. ಅವನು ಬೇರೆ ಗುಂಪು ಮಾಡಿಕೊಂಡು ಹೋದ. ಅವನ ಹಿಂದೆ ಒಳ್ಳೆಯ ಎಂಜಿನಿಯರ್‌ಗಳು ಕೂಡ ಹೋದರು. ಒರಟನನ್ನು ಉಳಿಸಿಕೊಂಡು ಸಭ್ಯನನ್ನು ಓಡಿಸಿದವಳು ಎಂಬ ಹೆಸರು ನನಗೆ ಬಂತು. ಗುರುತಿಲ್ಲದ ನಂಬರುಗಳಿಂದ ಕೆಲವು ದಿನ ಅಸಹ್ಯದ ಮಾತುಗಳೂ ಬಂದವು. ಅವುಗಳಲ್ಲಿ ಒಂದೂ ಏಕವಚನದಲ್ಲಿರಲಿಲ್ಲ.

ಸಚಿನ್‌ನನ್ನು ಅವನ ಸಂಸ್ಥೆ ಆ ಕಟ್ಟಡದಿಂದ ತೆಗೆದು ತುರ್ಭೆಯ ಗೋದಾಮುಗಳ ನಿರ್ವಹಣೆಗೆ ಹಾಕಿತು. ಸೆಕ್ರೆಟರಿಯ ದೂರು ಮತ್ತು ಆ ಸ್ಕ್ರೀನ್‌ಶಾಟ್ ಎರಡೂ ಸೇರಿ ಆದದ್ದು. ನಡೆದದ್ದನ್ನೆಲ್ಲ ವಿವರಿಸಿ ನಾನು ಸಂಸ್ಥೆಯವರೊಡನೆ ಮಾತಾಡಿದೆ. ಲಿಫ್ಟ್ ವಿಷಯದಲ್ಲಿ ಅವನು ಮಾಡಿದ್ದು ಸರಿ, ವರ್ತನೆಯ ವಿಷಯ ಬೇರೆ ಎಂದರು. ಆದೇಶ ಬದಲಾಗಲಿಲ್ಲ. ವಿಠ್ಠಲವಾಡಿಯ ಅವನ ಮನೆಯಿಂದ ತುರ್ಭೆಗೆ ಹೋಗಲು ರೈಲು ಬದಲಿಸಬೇಕಿತ್ತು, ದಿನವೂ ಠಾಣೆಯ ನೂಕುನುಗ್ಗಲು ದಾಟಬೇಕಿತ್ತು. ಅವನು ಈ ಬಗ್ಗೆ ನನ್ನ ಬಳಿ ಒಮ್ಮೆಯೂ ಗೊಣಗಲಿಲ್ಲ, ನಾನು ಮಾಡಿದ ಪ್ರಯತ್ನಕ್ಕೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ.

ರಾಯರು ಗುಂಪಿನಲ್ಲಿ ಬರೆಯುವುದನ್ನು ನಿಲ್ಲಿಸಿದ್ದರು. ಸಚಿನ್ ಕ್ಷಮೆ ಕೇಳಬೇಕೆಂಬುದು ಅವರ ಹಟ. ಓದದೆ ಉತ್ತರ ಕೊಟ್ಟವರು ಮೊದಲು ಕೇಳಲಿ ಎಂಬುದು ಇವನ ಹಟ. ಇಬ್ಬರಿಗೂ ನಾನು ಒತ್ತಾಯ ಮಾಡಲಿಲ್ಲ. ಬರೆದು ಬಗೆಹರಿಯುವ ಜಗಳ ಇದಲ್ಲ ಎಂದು ಹೇಳಿ, ಇಬ್ಬರನ್ನೂ ಒಂದು ಭಾನುವಾರ ನನ್ನ ಮನೆಗೆ ಕರೆದೆ. ಬರುವುದಿಲ್ಲ ಎಂದ ಇಬ್ಬರೂ ಬಂದರು.

ರಾಯರು ಮೊದಲೇ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸಚಿನ್ ಚಪ್ಪಲಿ ಬಿಟ್ಟು ಒಳಗೆ ಬಂದವನೇ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದ. ರಾಯರಿಗೆ ಇದು ನಿರೀಕ್ಷೆಯಿರಲಿಲ್ಲ. ಅವರು ಸಾವರಿಸಿಕೊಳ್ಳುವಷ್ಟರಲ್ಲಿ ಅವನು ಎದ್ದು ನಿಂತು, “ಆರಾಮ ಅದೀಯೇನು?” ಎಂದ.

ರಾಯರ ಮುಖ ಕೆಂಪಾಯಿತು. ನಾನು ನಡುವೆ ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಅವರೇ ಕೇಳಿದರು.

“ನಿನಗೆ ಕನ್ನಡ ಕಲಿಸಿದ್ದು ಯಾರು?”

“ನಮ್ಮವ್ವ. ಸಾಲ್ಯಾಗ ಮರಾಠಿ. ಮನ್ಯಾಗ ಅವ್ವ ಒಬ್ಬಾಕೀನ ಕನ್ನಡ ಮಾತಾಡ್ತಿದ್ಲು. ನನ್ನ ಜೋಡಿ.”

ರಾಯರು ಅವನನ್ನೇ ನೋಡುತ್ತಿದ್ದರು. ಇಲ್ಲಿ ಹುಟ್ಟಿದ ಮಕ್ಕಳ ಕನ್ನಡ ಹೇಗೆ ಬೆಳೆಯುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರ ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತಿದ್ದರು. ತಾಯಿ ಮಗನಿಗೆ ‘ನೀವು’ ಎನ್ನುವುದಿಲ್ಲ. ಆ ಮಗನ ಕನ್ನಡದಲ್ಲಿ ‘ನೀವು’ ಬಂದು ಕೂರುವುದಕ್ಕೆ ಸಂದರ್ಭವೇ ಸಿಕ್ಕಿರಲಿಲ್ಲ. ಬೇರೆಯವರಾಗಿದ್ದರೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಪಾರಾಗುತ್ತಿದ್ದರು. ಇವನು ಗುಂಪಿನ ನಿಯಮ ಓದಿ, ಕನ್ನಡದಲ್ಲೇ ಬರೆಯಬೇಕೆಂದು ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದ.

“ಹಾಗಾದ್ರೆ ಸುಮ್ಮನೆ ಕೂಡು ಅಂದದ್ದೂ ಅವ್ವನ ಕನ್ನಡವೋ?” ಎಂದರು ರಾಯರು.

ಇಲ್ಲಿ ಅವನು ಹೌದೆಂದಿದ್ದರೆ ಮಾತು ಸುಲಭವಾಗಿ ಮುಗಿಯುತ್ತಿತ್ತು. ನಾನೂ ಅವನು ಹೌದೆನ್ನಲಿ ಎಂದೇ ಬಯಸಿದ್ದೆ. ಸಚಿನ್ ತಲೆ ಅಲ್ಲಾಡಿಸಿದ.

“ಇಲ್ಲ. ಅದು ಬೇಕಂತನ ಅಂದೆ. ಮುದುಕಿ ಬಿದ್ದಿದ್ಲು. ನೀ ನನ್ನ ಊರು ಕೇಳಾಕತ್ತಿದ್ದಿ.”

ಅಡುಗೆಮನೆಯಿಂದ ಚಹಾ ತರುತ್ತಿದ್ದ ನನ್ನ ಗಂಡ ಬಾಗಿಲಲ್ಲೇ ನಿಂತುಬಿಟ್ಟರು. ರಾಯರು ಕುರ್ಚಿಯ ಕೈ ಹಿಡಿದು ಮುಂದಕ್ಕೆ ಸರಿದರು. ಅವರು ಎದ್ದು ಹೋಗುತ್ತಾರೆ, ಅಲ್ಲಿಗೆ ಗುಂಪೂ ಮುಗಿಯಿತು ಎಂದುಕೊಂಡೆ.

“ಅದು ನಾನು ತಪ್ಪಿದ್ದು,” ಎಂದರು ಕೊನೆಗೆ. “ನೀನು ಅಂದದ್ದು ನೀನು ತಪ್ಪಿದ್ದು. ಎರಡಕ್ಕೂ ಸರಿಹೋಯ್ತು ಅಂತ ನಾನು ಹೇಳುದಿಲ್ಲ. ಎರಡೂ ಇರ್ಲಿ.”

ಸಚಿನ್ ಸರಿ ಎಂದ. ಚಹಾ ಕುಡಿದು ಹೋದ. ಒಬ್ಬರಿಗೊಬ್ಬರು ಕ್ಷಮೆ ಕೇಳಲಿಲ್ಲ. ರಾಯರು ಹೊರಡುವಾಗ, ಆ ಮನುಷ್ಯ ನನಗೆ ಇಷ್ಟವಾಗಲಿಲ್ಲ, ಆದರೂ ಗುಂಪಿನಲ್ಲಿ ಇರಲಿ ಎಂದು ನನಗೆ ಹೇಳಿದರು.

ಗುಂಪಿನ ನಿಯಮಗಳನ್ನು ಆಮೇಲೆ ರಾಯರೇ ತಿದ್ದಿದರು. ಗೊತ್ತಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದು. ಪರಿಚಯ ಆಮೇಲೆ ಹೇಳಿಕೊಳ್ಳಬಹುದು. ಜೀವಕ್ಕೆ ಅಪಾಯವಿರುವ ಪ್ರಶ್ನೆ ಬಂದರೆ ಅದಕ್ಕೆ ಉತ್ತರ ಸಿಗುವವರೆಗೆ ಕೇಳಿದವನ ನಡತೆಯ ಬಗ್ಗೆ ಯಾರೂ ಬರೆಯಕೂಡದು. ನಡತೆಯ ಮಾತನ್ನು ಅಡ್ಮಿನ್ ಒಬ್ಬರೇ, ಫೋನಿನಲ್ಲಿ ಆಡಬೇಕು. ಇಲ್ಲಿಯ ಮಾತನ್ನು ಹೊರಗೆ ಸಾಗಿಸಿದವರಿಗೆ ಗುಂಪಿನಲ್ಲಿ ಜಾಗವಿಲ್ಲ.

ಸಚಿನ್ ಈಗಲೂ ಗುಂಪಿನಲ್ಲಿದ್ದಾನೆ. ತುರ್ಭೆಯ ಸರಕು ಲಿಫ್ಟ್‌ಗಳ ಬಗ್ಗೆ ಆಗಾಗ ಕೇಳುತ್ತಾನೆ, ಹೆಚ್ಚಾಗಿ ಮರಾಠಿಯಲ್ಲಿ. ಈಗಲೂ ನಮಸ್ಕಾರ ಹೇಳುವುದಿಲ್ಲ. ರಾಯರು ಅವನಿಗೆ ಉತ್ತರ ಕೊಡುತ್ತಾರೆ, ಅಷ್ಟೇ ಚುಟುಕಾಗಿ. ಅವರಿಬ್ಬರ ನಡುವೆ ಸ್ನೇಹ ಹುಟ್ಟಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ನನಗೆ ಕಾಣುವುದಿಲ್ಲ. ಬಿಟ್ಟುಹೋದವರು ಮರಳಿ ಬರಲಿಲ್ಲ.

ಹೊಸದಾಗಿ ಅಡ್ಮಿನ್ ಆದವರು ನನ್ನನ್ನು ಕೇಳುತ್ತಾರೆ, ಒರಟರನ್ನು ಹೇಗೆ ಸಂಭಾಳಿಸುವುದು ಎಂದು. ಆ ಶನಿವಾರ ಕಲಿತದ್ದನ್ನೇ ನಾನು ಹೇಳುತ್ತೇನೆ. ಬರೆದವನು ಎಂಥವನು ಎಂದು ನಾಲ್ಕು ಸಾಲಿನಿಂದ ತಿಳಿಯಲು ಹೋಗಬೇಡಿ. ಅವನು ನಿಜವಾಗಿಯೂ ಒರಟನೇ ಇರಬಹುದು, ಅಥವಾ ಭಾಷೆ ಕೈಕೊಟ್ಟಿರಬಹುದು. ಸಚಿನ್‌ನ ವಿಷಯದಲ್ಲಿ ಎರಡೂ ನಿಜವಾಗಿತ್ತು. ಆದರೆ ಅವನು ಹೇಳುತ್ತಿರುವ ಜಾಗದಲ್ಲಿ ಏನಾಗುತ್ತಿದೆ ಎಂಬುದು ಅದೇ ಸಾಲುಗಳಲ್ಲಿ ಇರುತ್ತದೆ. ಅದನ್ನು ಮೊದಲು ಓದಿ, ಅದಕ್ಕೆ ಮೊದಲು ಉತ್ತರ ಕೊಡಿ. ಮನಸ್ಸಿಗೆ ಬಿದ್ದ ಪೆಟ್ಟನ್ನು ಸಂಜೆ ನೋಡಿಕೊಳ್ಳಬಹುದು. ಲಿಫ್ಟಿನ ಬಾಗಿಲಲ್ಲಿ ಒಂದು ಕಾಲಿಟ್ಟು ನಿಂತವರಿಗೆ ಸಂಜೆಯವರೆಗೆ ಸಮಯವಿರುವುದಿಲ್ಲ.